ನಡುವೆ ಬಾಯಿ ಹಾಕುವ ಭಾಗ್ಯ

ನಮ್ಮ ಅಣ್ಣನ ಲ್ಯಾಪ್‌ಟಾಪಿಗೊಂದು ಕೌದಿಯಿದೆ. ಹಳೆಯ ಇಳಕಲ್ ಸೀರೆಯ ಸೆರಗು, ಮಾಸಿದ ಕುಪ್ಪಸದ ಖಣ, ಯಾವುದೋ ಕಾಲದ ಅಂಗಿಯ ಬೆನ್ನು, ಇವನ್ನೆಲ್ಲ ಒಂದರ ಮೇಲೊಂದು ಹಾಸಿ, ಒತ್ತೊತ್ತಾಗಿ ದಾರ ಓಡಿಸಿ ನಮ್ಮ ವೈನಿ, ಅಣ್ಣನ ಹೆಂಡತಿ, ಕೈಯಿಂದ ಹೊಲಿದದ್ದು. ಪೇಟೆಯಲ್ಲಿ ಇದಕ್ಕೆಂದೇ ಕಪ್ಪು ಚೀಲಗಳು ಸಿಗುತ್ತವೆ ಎಂದು ನಾನು ಹೇಳಿದಾಗ, ಮಾತಾಡುವ ವಸ್ತುವನ್ನು ಚೀಲದಲ್ಲಿ ತುಂಬಿ ಬಾಯಿ ಕಟ್ಟಿದರೆ ಅದಕ್ಕೆ ಉಸಿರು ಹಿಡಿಯುವುದಿಲ್ಲವೇ ಎಂದು ಅವರು ಮರುಪ್ರಶ್ನೆ ಹಾಕಿದ್ದರು. ನಗಬೇಡಿ. ಆ ಯಂತ್ರ ನಿಜವಾಗಿಯೂ ಮಾತಾಡುತ್ತದೆ, ಅದೂ ನಮ್ಮ ಅಣ್ಣನ ಪರವಾಗಿ. ಈ ವರ್ಷದ ಮಾಘಮಾಸದಲ್ಲಿ ಅದು ನಿದ್ದೆಯಿಂದ ಎದ್ದು ತೊದಲತೊಡಗಿದಾಗ ಗಂಡಹೆಂಡಿರಿಬ್ಬರ ಒಂದು ಸಂಸಾರವೇ ಮೂಕವಾಗಿ ಕೂತಿತ್ತು. ಆ ಸಂಗತಿಯನ್ನು ಈಗ ನಿಮ್ಮೆದುರು ಇಷ್ಟು ನಿರಾಳವಾಗಿ ಹರಡಿಕೊಂಡು ಕೂತಿದ್ದೇನೆಂದರೆ ಅದು ಒಳ್ಳೆಯದರಲ್ಲೇ ಮುಗಿಯಿತೆಂದು ನೀವು ಊಹಿಸಬಹುದು.

ಅಣ್ಣನ ಹೆಸರು ಬನಪ್ಪ. ಬೆಟಗೇರಿಯ ನೇಕಾರರ ಓಣಿಯಲ್ಲಿ ನಮ್ಮಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯ್ದರೆ, ಅಣ್ಣನಿಗೆ ಕೂತಲ್ಲಿ ಕೂರುವ ಕೆಲಸ ಹುಟ್ಟಿನಿಂದಲೇ ಒಗ್ಗಲಿಲ್ಲ. ಅವನು ಬಟ್ಟೆಯ ಗಂಟು ಹೊತ್ತು ಸಂತೆಗಳ ದಾರಿ ಹಿಡಿದ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ಹೊಳೆಯ ದಂಡೆಯ ಸಿಂಗಟಾಲೂರಿನ ಕಡೆಯ ಹಳ್ಳಿಗಳು, ಹೀಗೆ ಮೂವತ್ತು ವರ್ಷ ಅವನ ಗಂಟಲು ಈ ಸೀಮೆಯ ಬಯಲುಗಳಲ್ಲಿ ಮೊಳಗಿತು. "ಬರ್ರಿ ಅವ್ವಾರ, ಮುಟ್ಟಿ ನೋಡ್ರಿ, ಇದರ ಬಣ್ಣ ಹೋತಂದ್ರ ನನ್ನ ಹೆಸರ ಹೋತು" ಎಂದು ಅವನು ಕೂಗಿದರೆ ಸಂತೆಯ ಆ ತುದಿಯಲ್ಲಿ ಬದನೆಕಾಯಿ ಆರಿಸುತ್ತಿದ್ದ ಹೆಂಗಸು ತಲೆಯೆತ್ತಿ ನೋಡುತ್ತಿದ್ದಳು. ಮನೆಯಲ್ಲಿಯೂ ಅದೇ ಗಂಟಲು. ಯಾರು ಯಾರೊಡನೆ ಏನೇ ಮಾತಾಡುತ್ತಿರಲಿ, ಅಣ್ಣ ಅದರಲ್ಲಿ ಬಂದು ಸೇರಿಕೊಳ್ಳದೆ ಬಿಡುತ್ತಿರಲಿಲ್ಲ. ನಾನು ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮಕ್ಕಳು ನನ್ನ ಮಾತಿನ ನಡುವೆ ಬಾಯಿ ಹಾಕಿದರೆ ಗದರಿಸುತ್ತಿದ್ದ ನಾನು, ರಜೆಗೆ ತವರಿಗೆ ಬಂದರೆ ಒಂದು ವಾಕ್ಯವನ್ನೂ ಪೂರ್ತಿ ಮಾಡಲಾಗದೆ ಸೋಲುತ್ತಿದ್ದೆ.

ಆ ಗಂಟಲಿಗೇ ಹುಣ್ಣಾಯಿತು. ಮೊದಲು ದನಿ ಒಡೆಯಿತು, ಆಮೇಲೆ ಉಸಿರು. ಕಳೆದ ವರ್ಷದ ಆಷಾಢದ ಹೊತ್ತಿಗೆ ಅವನ ಉಸಿರಾಟ ಹರಿದ ಬಟ್ಟೆಯನ್ನು ಮತ್ತೆಮತ್ತೆ ಹರಿದ ಹಾಗೆ ತುಂಡುತುಂಡಾಗಿ ಕೇಳತೊಡಗಿತ್ತು. ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದ ದಿನ ಅವನಿಗೆ ಪೂರ್ತಿ ಎಚ್ಚರವೂ ಇರಲಿಲ್ಲ. ಧ್ವನಿಪೆಟ್ಟಿಗೆಯನ್ನು ತೆಗೆಯದೆ ಜೀವ ಉಳಿಯುವುದಿಲ್ಲ, ತೆಗೆದರೆ ಮಾತು ಉಳಿಯುವುದಿಲ್ಲ, ಬೇಗ ಹೇಳಿ ಎಂದರು ಡಾಕ್ಟರು. ನಾನು ಅಲ್ಲಿಗೆ ಮುಟ್ಟುವ ಮೊದಲೇ ವೈನಿ ಕಾಗದಕ್ಕೆ ಸಹಿ ಮಾಡಿದ್ದರು. ಕಳಸಾಪುರದಲ್ಲಿ ಹುಟ್ಟಿ, ಎರಡನೆಯ ಇಯತ್ತೆಗೇ ಶಾಲೆ ಬಿಟ್ಟ ಅವರಿಗೆ ಬರೆಯಲು ಬರುವುದು ತಮ್ಮ ಹೆಸರೊಂದೇ. 'ಗಂಗವ್ವ' ಎಂಬ ಆ ಮೂರು ಅಕ್ಷರಗಳನ್ನು ಅವರು ತಮ್ಮ ಜೀವಮಾನದಲ್ಲಿ ಎಷ್ಟು ಸಲ ಬರೆದಿದ್ದಾರೋ ಕಾಣೆ. ಆ ಒಂದು ಸಲದ್ದು ಮಾತ್ರ ಅವರ ಕೈಯಿಂದ ಬಹುಕಾಲ ಇಳಿಯಲಿಲ್ಲ.

ಅಣ್ಣ ಬದುಕಿದ. ಕುತ್ತಿಗೆಯ ಬುಡದಲ್ಲೊಂದು ರಂಧ್ರದಿಂದ ಉಸಿರಾಡುವುದನ್ನು ಕಲಿತ, ಅದರ ಮೇಲೆ ತೆಳು ಅರಿವೆ ಕಟ್ಟಿಕೊಳ್ಳುವುದನ್ನು ಕಲಿತ, ಸಾವಕಾಶ ನುಂಗುವುದನ್ನೂ ಕಲಿತ. ಮಾತು ಮಾತ್ರ ಹೋಯಿತು. ಕುತ್ತಿಗೆಗೆ ಒತ್ತಿ ಹಿಡಿಯುವ ಸಣ್ಣ ಯಂತ್ರವೊಂದನ್ನು ತರಿಸಿ ನೋಡಿದೆವು. ಚಿಕಿತ್ಸೆಯಿಂದ ಬಾತಿದ್ದ ಚರ್ಮಕ್ಕೆ ಅದು ಹೊಂದಲಿಲ್ಲ. ಬರೆದು ತೋರಿಸೋಣವೆಂದರೆ ಬಲ ಹೆಗಲು ಸೋತು ಪೆನ್ನು ಹಿಡಿದ ಕೈ ನಾಲ್ಕು ಸಾಲಿಗೇ ನಡುಗುತ್ತಿತ್ತು. ಮೊಬೈಲಿನ ಅಕ್ಷರಗಳು ಅವನ ದಪ್ಪ ಬೆರಳಿಗೆ ಸಣ್ಣವಾದವು. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಬರೆದರೂ ಓದುವವರಾರು? ಮನೆಯಲ್ಲಿರುವವರು ಇಬ್ಬರೇ, ಅವರಿಗೆ ಮಕ್ಕಳಾಗಲಿಲ್ಲ. ಹೆಂಡತಿಗೆ ಓದಲು ಬಾರದು. ಗಂಡ ಹೆಂಡತಿಗೆ ಹೇಳುವ ಮಾತನ್ನು ಚೀಟಿಯಲ್ಲಿ ಬರೆದು ಪಕ್ಕದ ಮನೆಯವರಿಂದ ಓದಿಸಲು ಸಾಧ್ಯವೆ?

ದಸರೆಯ ರಜೆಯಲ್ಲಿ ನನ್ನ ಹಳೆಯ ಲ್ಯಾಪ್‌ಟಾಪನ್ನು ಬೆಟಗೇರಿಗೆ ಒಯ್ದೆ. ನಮ್ಮ ಶಾಲೆಯ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವ ಹಸೀನಾ ಮೇಡಂ, ಶಿರಹಟ್ಟಿಯಿಂದ ದಿನವೂ ಬಸ್ಸಿನಲ್ಲಿ ಬರುವವರು, ಅದರಲ್ಲಿ ಉಚಿತವಾಗಿ ಸಿಗುವ ಲಿನಕ್ಸ್ ವ್ಯವಸ್ಥೆಯನ್ನು ಕೂಡಿಸಿ, ಬೆರಳಚ್ಚಿಸಿದ ಕನ್ನಡವನ್ನು ಗಟ್ಟಿಯಾಗಿ ಓದುವ ಅನುಕೂಲವನ್ನೂ ಮಾಡಿಕೊಟ್ಟಿದ್ದರು. ಅಣ್ಣ ಒಂದೊಂದೇ ಬೆರಳಿನಿಂದ ಕುಟ್ಟಿ ಮೊದಲ ಸಲ ಹೇಳಿದ್ದು "ಚಾ ಮಾಡು" ಎಂದು. ನೆಗಡಿಯಾದ ಮಾಸ್ತರರು ಪಾಠ ಓದಿದ ಹಾಗಿತ್ತು ಆ ದನಿ. ವೈನಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಅತ್ತರೋ ನಕ್ಕರೋ ತಿಳಿಯಲಿಲ್ಲ, ಚಹಾ ಮಾತ್ರ ಬಂತು. ಆ ವಾರವೇ ಅವರು ಕೌದಿ ಹೊಲಿಯಲು ಕೂತರು.

ಒಂದೇ ಕೊರತೆಯೆಂದರೆ, ಹಳೆಯ ಬ್ಯಾಟರಿಯ ಆ ಯಂತ್ರ ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿದ ಹಾಗೆ ಅಲ್ಲೇ ಇರಬೇಕಿತ್ತು. ಆರಿಸಿ ಹೊತ್ತಿಸಿದರೆ ಮತ್ತೆ ಮಾತಿಗೆ ಸಿದ್ಧವಾಗಲು ನಾಲ್ಕು ನಿಮಿಷ. ನಾಲ್ಕು ನಿಮಿಷದಲ್ಲಿ ಒಂದು ಹರಟೆ ಎಷ್ಟು ದೂರ ಹೋಗುತ್ತದೆಂಬುದನ್ನು ನೀವು ಎಂದಾದರೂ ಗಮನಿಸಿದ್ದೀರಾ? ಮದುವೆಯ ವಿಷಯದಿಂದ ಹೊರಟು ಮೆಣಸಿನಕಾಯಿಯ ಧಾರಣೆಗೆ ಮುಟ್ಟಿರುತ್ತದೆ. ಅಣ್ಣನ ಯಂತ್ರ ಮದುವೆಯ ಬಗ್ಗೆ ಹೇಳಬೇಕಾದ್ದನ್ನು ಹೇಳುವಷ್ಟರಲ್ಲಿ ಕೇಳುವವರು ಚಪ್ಪಲಿ ಹುಡುಕುತ್ತಿರುತ್ತಿದ್ದರು. ಆಗ ನನಗೆ ಹೊಳೆಯಿತು: ದನಿ ಹೋದವನಿಗೆ ಹೆಚ್ಚಿನ ನಷ್ಟ ಭಾಷಣ ಮಾಡಲಾಗದ್ದಲ್ಲ, ಸರಿಯಾದ ಹೊತ್ತಿಗೆ ಒಂದು 'ಹೌದು', ಒಂದು 'ಛೇ' ಅನ್ನಲಾಗದ್ದು. ಸಂಸಾರವೆಂಬುದು ಬಹುಪಾಲು ನಡೆಯುವುದು ಇಂಥ ಅರ್ಧಾಕ್ಷರಗಳ ಮೇಲೆ. ಹಾಗಾಗಿ ಸಂಕ್ರಾಂತಿಗೆ ಬಂದಾಗ ನಾನೇ ಮುತುವರ್ಜಿಯಿಂದ ಒಂದು ಮಾರ್ಪಾಟು ಮಾಡಿದೆ. ಮುಚ್ಚಳ ಮುಚ್ಚಿದರೆ ಯಂತ್ರ ಆರುವ ಬದಲು, ಬ್ಯಾಟರಿ ಉಳಿಸುತ್ತ, ನಿದ್ದೆ ಹೋಗಬೇಕು, ತೆರೆದರೆ ಕಣ್ಣು ಬಿಟ್ಟು ಬಿಟ್ಟಲ್ಲಿಂದಲೇ ಮುಂದುವರಿಯಬೇಕು. ನಾಲ್ಕೈದು ಸಲ ಮುಚ್ಚಿ ತೆರೆದು ನೋಡಿದೆ, ಚೆನ್ನಾಗಿ ನಡೆಯಿತು. ಅಣ್ಣ ಅದನ್ನು ಕೌದಿಯ ಸಮೇತ ಕಂಕುಳಲ್ಲಿಟ್ಟುಕೊಂಡು ಅಡಿಗೆಮನೆಗೆ, ಹೊರಗಿನ ಕಟ್ಟೆಗೆ ಓಡಾಡಿದ. ಉಪಕಾರ ಮಾಡಿದ ಹೆಮ್ಮೆಯಲ್ಲಿ ನಾನು ಲಕ್ಷ್ಮೇಶ್ವರಕ್ಕೆ ಮರಳಿದೆ.

ಮೂರು ವಾರ ಕಳೆದಿರಬೇಕು, ಒಂದು ಮಧ್ಯಾಹ್ನ ಶಾಲೆಯಲ್ಲಿದ್ದಾಗ ವೈನಿಯ ಫೋನು ಬಂತು. ಅದುವರೆಗೂ ಕೇಳಿದಾಗಲೆಲ್ಲ ಆರಾಮ ಇದ್ದಾರೆ ಎನ್ನುತ್ತಿದ್ದವರು ಅಂದು ಸುತ್ತುಬಳಸದೆ ಹೇಳಿದರು.

"ಸರೂ, ನಿಮ್ಮಣ್ಣಾರು ನನ್ನ ಕೂಡ ಮಾತಾಡವಲ್ಲರು. ಮಷೀನ್ ಗ್ವಾಡಿ ಮಾಡದ ಮ್ಯಾಲ ಇಟ್ಟುಬಿಟ್ಟಾರ. ನಾ ಅಂದು ಸಹಿ ಮಾಡಿದ್ನಲ್ಲಾ, ಆ ಸಿಟ್ಟು ಈಗ ಹೊರಗ ಬಂದೈತಿ ನೋಡು."

ಸಿಟ್ಟು ಹಾಗೆಲ್ಲ ಆರು ತಿಂಗಳು ತಡೆದು ಬರುವುದಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಅವರು ಕೇಳಲಿಲ್ಲ. ತಾನು ಓದಿದವಳಾಗಿದ್ದರೆ ಕಾಗದ ಓದಿ, ನಾಲ್ಕು ಜನರನ್ನು ಕೇಳಿ, ಗಂಡನ ಮಾತು ಉಳಿಸಿಕೊಳ್ಳುವ ಬೇರೆ ದಾರಿ ಹುಡುಕುತ್ತಿದ್ದೆನೇನೋ ಎಂದರು. ನಾನು ಅಣ್ಣನಿಗೆ ಮೊಬೈಲಿನಲ್ಲಿ ಹೇಗಿದ್ದೀ ಎಂದು ಕೇಳಿದೆ. 'ಆರಾಮ' ಎಂಬ ಮೂರಕ್ಷರದ ಉತ್ತರ ಬರಲು ಒಂದು ತಾಸು ಹಿಡಿಯಿತು.

ಆ ಭಾನುವಾರ ಬೆಳಗಿನ ಬಸ್ಸು ಹಿಡಿದೆ. ಗದಗಿನ ದಾರಿಯ ಮಾಗಡಿಯ ಹತ್ತಿರ ಕೆರೆಯ ಬಾತುಗಳು ಸಾಲುಗಟ್ಟಿ ಹೊಲಗಳ ಕಡೆ ಹಾರುತ್ತಿದ್ದವು. ಇಡೀ ಬಸ್ಸು ಬಗ್ಗಿ ನೋಡಿತು, ನನಗೆ ನೋಡುವ ಮನಸ್ಸಿರಲಿಲ್ಲ. ಮನೆಗೆ ಹೋದರೆ ಅಣ್ಣ ಬಾಗಿಲ ಬಳಿ ಕೂತು ಬೀದಿ ನೋಡುತ್ತಿದ್ದ. ನಾನು ಅವನನ್ನು ಕೇಳಿದ ಪ್ರಶ್ನೆಗಳಿಗೆಲ್ಲ ಒಳಗಿನಿಂದ ವೈನಿಯೇ ಉತ್ತರ ಕೊಟ್ಟರು: ನಿದ್ದೆ ಸರಿಯಾಗಿ ಬರುತ್ತದೆ, ಊಟ ಕಡಿಮೆ, ಔಷಧ ತಪ್ಪಿಸಿಲ್ಲ. ಆತ ಎದುರಿಗೇ ಇದ್ದರೂ ಇಲ್ಲದವನ ಸುದ್ದಿ ಹೇಳುವ ಹಾಗಿತ್ತು ಅದು. ಅಣ್ಣ ತಲೆಯಾಡಿಸುವುದನ್ನೂ ಬಿಟ್ಟಿದ್ದ.

ನಾನು ಗೋಡೆಯ ಮಾಡದ ಮೇಲಿಂದ ಯಂತ್ರವನ್ನು ಇಳಿಸಿ ಕೌದಿ ಬಿಚ್ಚಿದೆ. ಬ್ಯಾಟರಿ ತುಂಬಿಸಿ ಹೊತ್ತಿಸಿದರೆ ಎಲ್ಲ ಸರಿಯಿತ್ತು. ವೈನಿ ಕೊಟ್ಟ ಚಹಾ ಕುಡಿಯುವಾಗ ಮುಚ್ಚಳ ಮುಚ್ಚಿ, ಮುಗಿದ ಮೇಲೆ ತೆರೆದು, 'ವೈನಿ, ಚಾ ಛಲೋ ಆಗೈತಿ' ಎಂದು ಕುಟ್ಟಿದೆ. ಯಂತ್ರ ಬಾಯಿ ತೆರೆಯಿತು. ಅಕ್ಷರಗಳು ತುಂಡಾಗಿ, ನಡುನಡುವೆ ಉಸಿರುಕಟ್ಟಿ, ಗೊರಗುಟ್ಟಿ, ಮತ್ತೆ ಎಳೆದುಕೊಂಡು ಬಂದವು. ಫ್ಯಾನು ಜೋರಾಗಿ ತಿರುಗತೊಡಗಿತು. ವೈನಿ ಕೈಯಲ್ಲಿದ್ದ ಕಪ್ಪು-ಬಸಿಯನ್ನು ಅಲ್ಲೇ ಇಟ್ಟು ಹಿತ್ತಲಿಗೆ ಹೊರಟುಹೋದರು. ಅಣ್ಣ ಕೈ ಚಾಚಿ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ.

ಆಮೇಲೆ ನನ್ನ ಮೊಬೈಲು ತೆಗೆದುಕೊಂಡು, ತಪ್ಪಿದ ಅಕ್ಷರಗಳನ್ನು ಅಳಿಸುತ್ತ ಬರೆಯುತ್ತ ಬಹಳ ಹೊತ್ತು ಕೂತ. ಓದಿದೆ. ಆಪರೇಶನ್ ಮೊದಲು ನನ್ನ ಉಸಿರು ಹಿಂಗ ಕೇಳ್ತಿತ್ತು, ಇದನ್ನ ಕೇಳಿದ್ರ ಆಕಿ ಅಂಜತಾಳ, ಒಂದಿನ ಅಳಾಕ ಹತ್ತಿದ್ಲು, ಅದಕ ಇಟ್ಟುಬಿಟ್ಟೆ. ಇಷ್ಟೇ ಇತ್ತು ಅದರಲ್ಲಿ.

ತಾನು ಸಹಿ ಮಾಡಿದ್ದಕ್ಕೇ ಗಂಡನಿಗೆ ಸಿಟ್ಟೆಂದು ವೈನಿ ತಿಳಿದಿರುವುದನ್ನು ನಾನು ಅವನಿಗೆ ಹೇಳಿದೆ. ಅವನ ಮುಖ ಕಪ್ಪಿಟ್ಟಿತು. ಹಿತ್ತಲ ಕಡೆ ನೋಡಿದ, ಏಳಲು ಹೋದ, ಮತ್ತೆ ಕೂತ. ನಾನೇ ಹೋಗಿ ಎಲ್ಲವನ್ನೂ ವೈನಿಗೆ ತಿಳಿಸುತ್ತೇನೆಂದು ಎದ್ದಾಗ ನನ್ನ ಮುಂಗೈ ಹಿಡಿದು ನಿಲ್ಲಿಸಿ, ಮೊಬೈಲಿನಲ್ಲಿ ಎರಡೇ ಪದ ಬರೆದ: 'ನಾನ ಹೇಳ್ತೀನಿ.' ಮೂವತ್ತು ವರ್ಷ ಊರೂರಿಗೆ ಕೇಳುವ ಹಾಗೆ ಕೂಗಿದವನು ಹೆಂಡತಿಗೆ ಹೇಳಬೇಕಾದ ಒಂದು ಮಾತನ್ನು ತಂಗಿಯ ಬಾಯಿಂದ ಹೇಳಿಸಲು ಒಪ್ಪಲಿಲ್ಲ. ಅದರಲ್ಲಿ ತಪ್ಪೇನೂ ಕಾಣಲಿಲ್ಲ ನನಗೆ. ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು, ಮುಂದಿನ ಭಾನುವಾರಕ್ಕೆ ತರುತ್ತೇನೆಂದು ಮಾತು ಕೊಟ್ಟು ಹೊರಟೆ. ಅದು ಎಂಥ ದುಡುಕಿನ ಮಾತೆಂದು ತಿಳಿದದ್ದು ಆಮೇಲೆ.

ಗದಗಿನ ರಿಪೇರಿ ಅಂಗಡಿಯೊಂದರಲ್ಲಿ ತೋರಿಸಿದೆ. ಅಲ್ಲಿಯವರು ಆರಿಸಿ ಹೊತ್ತಿಸಿ, ಹಾಡು ಹಚ್ಚಿ, ಸ್ಪೀಕರು ಸರಿಯಿದೆ, ಏನೂ ಆಗಿಲ್ಲ ಎಂದರು. ಅವರ ತಪ್ಪಲ್ಲ. ಹೊಸದಾಗಿ ಹೊತ್ತಿಸಿದರೆ ಅದಕ್ಕೆ ಏನೂ ಆಗುತ್ತಿರಲಿಲ್ಲ. ರೋಗವಿದ್ದದ್ದು ನಿದ್ದೆಗೂ ಎಚ್ಚರಕ್ಕೂ ನಡುವಿನ ಹೊಸ್ತಿಲಲ್ಲಿ. ನಾವಾದರೂ ಅಷ್ಟೇ ಅಲ್ಲವೆ, ಡಾಕ್ಟರ ಎದುರು ಕೂತಾಗ ನೋವು ಎಲ್ಲೆಂದು ನೆನಪಾಗುವುದಿಲ್ಲ. ನನಗೆ ನಿಜವಾಗಿ ಕಾಡಿದ ಸಂಗತಿ ಬೇರೆ. ಆ ನಿದ್ದೆಯನ್ನು ಕಲಿಸಿಕೊಟ್ಟವಳು ನಾನೇ. ಗಂಡಹೆಂಡಿರ ಮಾತು ಬೇಗ ಕೂಡಲೆಂದು ಮಾಡಿದ ಉಪಾಯವೇ ಅವರ ನಡುವಿನ ಮಾತನ್ನು ಮುರಿದಿತ್ತು. ಬೇಕಾದರೆ ಮೊದಲಿನ ಹಾಗೆ ಗೋಡೆಗೆ ಕಟ್ಟಿಹಾಕಬಹುದಿತ್ತು, ಆದರೆ ಒಮ್ಮೆ ಅಡಿಗೆಮನೆಯ ತನಕ ನಡೆದು ಹೋದ ಮಾತನ್ನು ಮತ್ತೆ ಮೂಲೆಗೆ ಕೂರಿಸಲು ಮನಸ್ಸು ಬರಲಿಲ್ಲ.

ಸೋಮವಾರ ಹಸೀನಾ ಮೇಡಂ ಊಟದ ಬಿಡುವಿನಲ್ಲಿ ಯಂತ್ರವನ್ನು ಮಲಗಿಸಿ, ಎಬ್ಬಿಸಿ, ಅದು ತನ್ನಷ್ಟಕ್ಕೆ ಬರೆದುಕೊಳ್ಳುವ ದಿನಚರಿಯನ್ನು ತೆರೆದರು. ಯಂತ್ರಗಳೂ ದಿನಚರಿ ಬರೆಯುತ್ತವೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಹಾಗೆ ಅಲಂಕಾರ ಮಾಡದೆ, ಆದದ್ದನ್ನು ಆದ ಹೊತ್ತಿನ ಸಮೇತ ಬರೆಯುತ್ತವೆ. ನೂರಾರು ಸಾಲುಗಳ ನಡುವೆ ಇಂಗ್ಲಿಷಿನಲ್ಲಿ ಒಂದು ಸಾಲಿತ್ತು. ಕನ್ನಡದಲ್ಲಿ ಹೇಳುವುದಾದರೆ, 'ಹದಿನಾರನೆಯ ದಾರಿಯಿಂದ ಕರೆ ಬಂತು, ಯಾರೂ ಲಕ್ಷ್ಯ ಕೊಡಲಿಲ್ಲ.' ಅದರ ಕೆಳಗೇ, 'ಹದಿನಾರನೆಯ ದಾರಿಯನ್ನು ಮುಚ್ಚಲಾಗಿದೆ.' ಆ ಎರಡು ಸಾಲುಗಳನ್ನು ನಾನು ಮತ್ತೊಮ್ಮೆ ಓದಿದೆ. ಒಂದು ಲೋಹದ ಪೆಟ್ಟಿಗೆ ಇಷ್ಟು ದುಃಖದ ಮಾತನ್ನು ಇಷ್ಟು ನಿರ್ಲಿಪ್ತವಾಗಿ ಬರೆದಿಟ್ಟಿದೆಯಲ್ಲ ಎನಿಸಿತು.

ಈ ಕರೆಗೆ ಹಾರ್ಡ್‌ವೇರ್ ಇಂಟರಪ್ಟ್, ಅಂದರೆ ಯಂತ್ರದ ಭಾಗವೊಂದು ನಡುವೆ ಬಾಯಿ ಹಾಕುವುದು, ಎಂದು ಹೆಸರು. ಹಸೀನಾ ಮೇಡಂ ನನಗೆ ಅರ್ಥವಾಗುವ ಭಾಷೆಯಲ್ಲಿ ಬಿಡಿಸಿ ಹೇಳಿದರು. ತರಗತಿಯಲ್ಲಿ ನಾವು ಪ್ರತಿಯೊಂದು ಮಗುವಿನ ಬಳಿ ಹೋಗಿ ನಿನಗೇನು ಬೇಕು ಎಂದು ಕೇಳುತ್ತ ಕೂರುವುದಿಲ್ಲ. ಬೇಕಾದವರು ಕೈ ಎತ್ತುತ್ತಾರೆ, ಆಗ ಪಾಠ ನಿಲ್ಲಿಸಿ ಆ ಕಡೆ ನೋಡುತ್ತೇವೆ. ಯಂತ್ರದೊಳಗೂ ಹೀಗೆಯೇ, ಕೀಲಿಮಣೆ, ಧ್ವನಿಯ ಭಾಗ, ಎಲ್ಲವೂ ತಮಗೆ ಬೇಕಾದಾಗ ಕೈ ಎತ್ತಿ ಮಿದುಳನ್ನು ಕರೆಯುತ್ತವೆ. ಕೆಲವು ಒಂದೇ ಬೆಂಚಿನಲ್ಲಿ ಜೊತೆಯಾಗಿ ಕೂತಿರುತ್ತವೆ. ಬೆಂಚಿನಿಂದ ಕೈ ಎದ್ದರೆ ಇಬ್ಬರನ್ನೂ ಕೇಳಬೇಕು, ಯಾರದು ಎಂದು.

ಹದಿನಾರನೆಯ ಬೆಂಚಿನಲ್ಲಿ ಯಾರಿದ್ದಾರೆಂದು ಪಟ್ಟಿ ತೆಗೆದು ನೋಡಿದೆವು. ಒಂದು ಧ್ವನಿಯ ಭಾಗ. ಇನ್ನೊಂದು, ಕ್ಯಾಮೆರಾದ ಮೆಮೊರಿ ಕಾರ್ಡು ತೂರಿಸಲು ಪಕ್ಕದಲ್ಲಿರುವ ಸಣ್ಣ ಸೀಳು. ಆ ಸೀಳಿನಲ್ಲಿ ನಾನು ನನ್ನ ಜನ್ಮದಲ್ಲಿ ಒಂದು ಕಾರ್ಡನ್ನೂ ಇಟ್ಟಿರಲಿಲ್ಲ. ಅದು ನಿದ್ದೆಯಿಂದ ಎದ್ದ ಕೂಡಲೇ, ಏನೂ ಬೇಡದಿದ್ದರೂ ಕೈ ಎತ್ತಲು ತೊಡಗುತ್ತಿತ್ತು. ಕೇಳಿದರೆ ಏನೂ ಇಲ್ಲ, ಮತ್ತೆ ಕೈ ಮೇಲೆ. ಪಟ್ಟಿಯಲ್ಲಿ ಅದರ ಎದುರಿನ ಎಣಿಕೆ ನಾವು ನೋಡುನೋಡುತ್ತ ಓಡುತ್ತಿತ್ತು. ಕೊನೆಗೆ ಬೇಸತ್ತ ಮಿದುಳು ಆ ಬೆಂಚಿನ ಕಡೆಯೇ ನೋಡುವುದಿಲ್ಲವೆಂದು ತೀರ್ಮಾನಿಸಿ, ಎಲ್ಲೋ ಒಮ್ಮೊಮ್ಮೆ ಕಣ್ಣು ಹಾಯಿಸುತ್ತಿತ್ತು, ಅಷ್ಟೆ. ಪಕ್ಕದಲ್ಲಿ ಕೂತು, ನಿಜವಾಗಿ ಹೇಳಬೇಕಾದ್ದಿದ್ದ ಧ್ವನಿಯ ಪಾಲಿಗೆ ಆ ಒಮ್ಮೊಮ್ಮೆಯ ನೋಟವೇ ಗತಿ. ಅದಕ್ಕೇ ಮಾತು ತುಂಡಾಗಿ ಬರುತ್ತಿತ್ತು.

ಇಪ್ಪತ್ತೆರಡು ವರ್ಷ ಪಾಠ ಹೇಳಿದ ನನಗೆ ಇದು ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗದ್ದಲ ಮಾಡುವವನ ಪಕ್ಕ ಕೂತ ತಪ್ಪಿಗೆ ನಾನು ಎಷ್ಟು ಮಕ್ಕಳ ಎತ್ತಿದ ಕೈಯನ್ನು ನೋಡದೆ ಬಿಟ್ಟಿರಬಹುದು? ಆ ವಾರ ನನ್ನ ತರಗತಿಯ ಹಿಂದಿನ ಬೆಂಚುಗಳ ಕಡೆ ನಾನು ಹೆಚ್ಚು ಸಲ ನೋಡಿದೆನೆಂದು ತೋರುತ್ತದೆ.

ಕಾರಣ ತಿಳಿದದ್ದಕ್ಕೆ ಕಾಯಿಲೆ ಹೋಗಲಿಲ್ಲ. ಮೊದಲು ನಾವು ಮಾಡಿದ್ದು ತಪ್ಪು ಮದ್ದು. ಆ ಸೀಳನ್ನು ನೋಡಿಕೊಳ್ಳುವ ತಂತ್ರಾಂಶವನ್ನೇ ತೆಗೆದುಹಾಕಿದರೆ ಅದು ಸುಮ್ಮನಾಗುತ್ತದೆಂದು ಬಗೆದೆವು. ಹುಡುಗನ ಹೆಸರನ್ನು ಹಾಜರಿಯಿಂದ ಹೊಡೆದುಹಾಕಿದರೆ ಅವನು ಕೈ ಎತ್ತುವುದನ್ನು ಬಿಡುತ್ತಾನೆಯೆ? ಮೊದಲಾದರೆ ಅದರ ಕರೆಗೆ ಕಿವಿಗೊಡಲು ಒಬ್ಬರಾದರೂ ಇದ್ದರು. ಈಗ ಅವರೂ ಇಲ್ಲವಾಗಿ, ಯಂತ್ರವನ್ನು ಹೊಸದಾಗಿ ಹೊತ್ತಿಸಿದಾಗಲೇ ದನಿ ಒಡೆಯತೊಡಗಿತು. ಬುಧವಾರದ ಹೊತ್ತಿಗೆ ಇದ್ದದ್ದನ್ನೂ ಕೆಡಿಸಿದೆನೆಂಬ ದಿಗಿಲು ನನಗೆ ಹತ್ತಿಕೊಂಡಿತು. ಹಸೀನಾ ಮೇಡಂ ಮಾತ್ರ ತಣ್ಣಗಿದ್ದರು. "ಗದರಿಸಿದ್ರ ಆಗೂದಿಲ್ಲ ಟೀಚರ್, ಅದಕ್ಕ ಕರೆಂಟ ಕೊಡೂದು ಬ್ಯಾಡ" ಎಂದರು.

ಗುರುವಾರ, ತೆಗೆದ ತಂತ್ರಾಂಶವನ್ನು ಮರಳಿ ಕೂಡಿಸಿದ ಮೇಲೆ, ಯಂತ್ರ ಪೂರ್ತಿ ಏಳುವುದಕ್ಕೆ ಮುಂಚೆ ಒಂದು ಗುಂಡಿ ಒತ್ತಿ ಹಿಡಿದರೆ ಕಾಣುವ ನೀಲಿ ಪುಟಕ್ಕೆ ಹೋದೆವು. ಅಲ್ಲಿ ಯಂತ್ರದ ಒಂದೊಂದು ಭಾಗವನ್ನೂ ಬೇಕೆಂದರೆ ಬೇಕು, ಬೇಡವೆಂದರೆ ಬೇಡ ಎಂದು ಆರಿಸಬಹುದು. ಕಾರ್ಡಿನ ಸೀಳಿನ ಎದುರು 'ಬೇಡ' ಎಂದೆವು. ಜೊತೆಗೆ ಆ ಸೀಳನ್ನು ಸಣ್ಣ ಕುಂಚದಿಂದ ಬಳಿದಾಗ ಹತ್ತಿಯ ನವಿರಾದ ಎಳೆಗಳು, ಒಂದು ಕರಿದ ಶೇವಿನ ತುಣುಕು ಹೊರಬಿದ್ದವು. ನೇಕಾರರ ಓಣಿಯ ಗಾಳಿಯಲ್ಲಿ ಹತ್ತಿ ಎಲ್ಲೆಡೆ ನುಸುಳುತ್ತದೆ. ಅದೇ ಆ ಸೀಳಿಗೆ ಕಾರ್ಡು ಬಂದ ಭ್ರಮೆ ಹುಟ್ಟಿಸಿತ್ತೋ, ಅಥವಾ ಹಳೆಯ ಯಂತ್ರದ ಹುಟ್ಟುಗುಣವೋ, ಇಂದಿಗೂ ನಮಗೆ ತಿಳಿಯದು.

ಮುಚ್ಚಳ ಮುಚ್ಚಿದೆವು. ಹತ್ತು ನಿಮಿಷ ಬಿಟ್ಟು ತೆರೆದು, 'ಇವತ್ತ ಬದನಿ ಎಣಗಾಯಿ ಮಾಡೀನಿ' ಎಂದು ಕುಟ್ಟಿದೆ. ನೆಗಡಿಯಾದ ಮಾಸ್ತರರು ಒಂದೂ ಅಕ್ಷರ ಮುರಿಯದೆ ಎಣಗಾಯಿಯ ಸುದ್ದಿ ಹೇಳಿದರು. ಶಿಕ್ಷಕರ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಆದರೂ ನನ್ನ ನಂಬಿಕೆ ಕುದುರಲಿಲ್ಲ. ಪಾಠದ ನಡುವಿನ ಬಿಡುವುಗಳಲ್ಲಿ, ಸಂಜೆ ಮುಚ್ಚಿ ಬೆಳಿಗ್ಗೆ ತೆರೆದು, ಶನಿವಾರ ಮುಗಿಯುವವರೆಗೆ ಅದನ್ನು ಮಲಗಿಸಿ ಎಬ್ಬಿಸಿದೆ. ಪ್ರತಿ ಸಲವೂ ದಿನಚರಿಯಲ್ಲಿ ಆ ಎರಡು ಸಾಲುಗಳನ್ನು ಹುಡುಕಿದೆ. ಅವು ಮತ್ತೆ ಕಾಣಲಿಲ್ಲ.

ಭಾನುವಾರ ಬೆಟಗೇರಿಗೆ ಮುಟ್ಟಿದಾಗ ವೈನಿ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ನಾನು ಯಂತ್ರವನ್ನು ಅಣ್ಣನ ಕೈಗಿತ್ತು, ಸರಿಯಾಗಿದೆ ಎಂದಷ್ಟೇ ಹೇಳಿದೆ. ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಅಡಿಗೆಮನೆಯ ಬಾಗಿಲ ಬಳಿ ನೆಲದ ಮೇಲೆ ಕೂತ. ಮುಚ್ಚಳ ತೆರೆದ, ಮುಚ್ಚಿದ, ಮತ್ತೆ ತೆರೆದ. ಏನೋ ಬರೆದು ಅಳಿಸಿದ. ಸಂತೆಯಲ್ಲಿ ಎಂದೂ ಮಾತಿಗೆ ತಡವರಿಸದವನು ನಾಲ್ಕು ಪದಗಳಿಗಾಗಿ ಬೆವರುತ್ತಿದ್ದ. ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಂತಾಗ ಅವನು ಗುಂಡಿ ಒತ್ತಿದ.

"ಸಹಿ ನೀ ಮಾಡಿದ್ದು ಛಲೋ ಆತು. ನಾನಾಗಿದ್ರ ಅಂಜಿ ಮಾಡ್ತಿದ್ದಿಲ್ಲ."

ದನಿ ಎಲ್ಲೂ ಒಡೆಯಲಿಲ್ಲ. ವೈನಿ ತಿರುಗಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಒಂದು ಕಡೆ ಕಪ್ಪಾಗುವವರೆಗೂ ಅದನ್ನೇ ನೋಡುತ್ತ ಕೂತರು. ಆಮೇಲೆ ಅದನ್ನು ಕೈಯಿಂದಲೇ ಎತ್ತಿ ಪಕ್ಕಕ್ಕಿಟ್ಟು, ಹಿಟ್ಟಿನ ಬೆರಳಿಂದ ಕಣ್ಣೊರೆಸಿಕೊಂಡು ಕೇಳಿದರು.

"ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲ?"

"ಮಷೀನ್ ಕೆಟ್ಟಿತ್ತು. ಅದರ ಸಪ್ಪಳಕ್ಕ ನೀ ಅಂಜತಿದ್ದಿ."

"ಮಷೀನ್ ಕೆಟ್ರ ನಿಮ್ಮ ಕೈ ಕೆಟ್ಟಿದ್ದುವೇನ್ರಿ? ಬಂದು ನನ್ನ ಕೈ ಹಿಡದಿದ್ರ ತಿಳೀತಿರಲಿಲ್ಲಾ?"

ಒಂದು ವಾರ ಹದಿನಾರನೆಯ ಬೆಂಚಿನ ಮೇಲೆ ಕಣ್ಣಿಟ್ಟು ಕೂತ ನಾನು, ಒಂದು ಕೈ ಇನ್ನೊಂದು ಕೈಯನ್ನು ಹಿಡಿಯಬಹುದಿತ್ತೆಂಬ ಸರಳ ದಾರಿಯನ್ನು ಯೋಚಿಸಿಯೇ ಇರಲಿಲ್ಲ. ಆದರೆ ಈಗ ಅನ್ನಿಸುತ್ತದೆ, ಕೈ ಹಿಡಿದಿದ್ದರೆ ವೈನಿಗೆ ಸಮಾಧಾನ ಸಿಗುತ್ತಿತ್ತು, ಅಂಜಿ ಮಾಡ್ತಿದ್ದಿಲ್ಲ ಎಂಬ ಆ ಮಾತು ಸಿಗುತ್ತಿರಲಿಲ್ಲ. ಕೆಲವನ್ನು ಸ್ಪರ್ಶ ತಿಳಿಸುತ್ತದೆ. ಕೆಲವನ್ನು ಎಷ್ಟೇ ಗೊಗ್ಗರು ದನಿಯಲ್ಲಾದರೂ ಶಬ್ದವೇ ತಿಳಿಸಬೇಕು. ಧೈರ್ಯ ತನ್ನದಲ್ಲ, ನಿನ್ನದು ಎಂದು ಗಂಡನೊಬ್ಬ ಒಪ್ಪಿಕೊಳ್ಳುವುದನ್ನು ಕೈಸನ್ನೆಯಲ್ಲಿ ಹೇಗೆ ಹೇಳುತ್ತೀರಿ?

ಊಟಕ್ಕೆ ಕೂತೆವು. ವೈನಿ ನನಗೆ ಪಲ್ಯ ಬಡಿಸುತ್ತ ಆ ಮೂರು ವಾರಗಳ ಬವಣೆಯನ್ನು ಒಂದೊಂದಾಗಿ ಹೇಳತೊಡಗಿದರು. ಇವರು ಉಣ್ಣಲಿಲ್ಲ, ತಿನ್ನಲಿಲ್ಲ, ತಾನು ಪ್ರೀತಿಯಿಂದ ಮಾಡಿದ ಮೆತ್ತನೆಯ ಕಿಚಡಿಯನ್ನು ಮುಟ್ಟದೆ ಸರಿಸಿದರು, ಆ ಕಿಚಡಿಗೆ ಎಷ್ಟು ತುಪ್ಪ ಹಾಕಿದ್ದೆ, ಎಷ್ಟು ರುಚಿಯಾಗಿತ್ತು ಎನ್ನುವಷ್ಟರಲ್ಲಿ ಪಕ್ಕದಿಂದ ನೆಗಡಿಯ ದನಿ ಬಂತು.

"ಸುಳ್ಳು. ಉಪ್ಪ ಹಾಕಿದ್ದಿಲ್ಲ."

"ನಾ ಮಾತಾಡೂ ಮುಂದ ನಡುವ ಬಾಯಿ ಹಾಕಬ್ಯಾಡ್ರಿ" ಎಂದು ವೈನಿ ತಟ್ಟನೆ ಗದರಿಸಿ, ತಾವು ಅಂದದ್ದು ತಮಗೇ ಕೇಳಿ, ಬಡಿಸುವ ಚಮಚವನ್ನು ಹಿಡಿದುಕೊಂಡೇ ನಿಂತರು. ಅಣ್ಣ ಮುಖ ಎತ್ತಿ ಅವರನ್ನು ನೋಡಿದ. ಅವನ ಎದೆ ಮೇಲೆ ಕೆಳಗೆ ಕುಲುಕತೊಡಗಿತು. ದನಿಯಿಲ್ಲದ ನಗೆಯನ್ನು ನಾನು ಮೊದಲ ಸಲ ಇಷ್ಟು ಸ್ಪಷ್ಟವಾಗಿ ಕೇಳಿದೆ. ವೈನಿ ನಗಲಿಲ್ಲ. ಉಪ್ಪು ಹಾಕಿದ್ದೆನೆಂದು ಸಾಧಿಸಿದರು. ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದದ್ದನ್ನು ನೆನಪಿಸಿದರು. ಕಡಿಮೆಯೆಂದರೆ ಇಲ್ಲವೆಂದಲ್ಲ ಎಂದು ಯಂತ್ರ ಹೇಳಿತು. ಅಲ್ಲಿಂದ ಮಾತು ಮೂರು ವರ್ಷದ ಹಿಂದಿನ ಯಾವುದೋ ಹೋಳಿಗೆಯ ಹೂರಣಕ್ಕೆ ಹೋಯಿತು.

ಗದಗಿನ ಬಸ್ ನಿಲ್ದಾಣದಿಂದ ಹಸೀನಾ ಮೇಡಂಗೆ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ, ಮಷೀನು ಮಾತಾಡಿತೇನು ಎಂದು ಕೇಳಿದರು.

"ಮಾತಾಡ್ತರಿ. ನಾ ಬರೂ ಮುಂದ ಇಬ್ಬರೂ ಜಗಳಾ ಮಾಡಾಕ ಹತ್ತಿದ್ರು."

ಅವರು "ಹಂಗಾರ ಆರಾಮ ಆದ್ರು ಬಿಡ್ರಿ" ಎಂದರು.

ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ಬಸ್ಸು ಊರು ದಾಟಿ ಬಿಸಿಲಿನ ಹೊಲಗಳ ನಡುವೆ ಓಡತೊಡಗಿದಾಗ, ಒಂದು ವಾರದಿಂದ ಬಾರದಿದ್ದ ನಿದ್ದೆ ನನ್ನನ್ನು ಕೇಳದೆಯೇ ಬಂತು. ಲಕ್ಷ್ಮೇಶ್ವರದಲ್ಲಿ ಕಂಡಕ್ಟರು "ಅಕ್ಕಾರ, ಊರು ಬಂತ್ರಿ" ಎಂದಾಗ ಒಂದೇ ಕರೆಗೆ ಎದ್ದೆ.